ಸತ್ತ ರಾಜನ ಎರಡನೇ ಹಾಡು

ಎಲ್ಲರಿಗೂ ಪಾತ್ರ ಹಂಚುವ ಶಿವನಿಗೆ ಶರಣು.

ಅಜ್ಜಂಪುರದಲ್ಲಿ ಹಳೇ ಸಂಗೀತ ನಾಟಕವೊಂದನ್ನು ಹೊಸಬರು ಮತ್ತೆ ಆಡುತ್ತಿದ್ದರು. ನಟರ ಬಗ್ಗೆ ನನ್ನ ಅಭಿಪ್ರಾಯವನ್ನೆಲ್ಲ ಅಲ್ಲೇ ಹೆಂಡತಿಯ ಕಿವಿಗೆ ಹಾಕುವುದು ನನ್ನ ರೂಢಿ. ಅವಳು ತೀರಿಕೊಂಡ ಮೇಲೆ ನೋಡಿದ ಮೊದಲ ನಾಟಕ ಇದು. ತಡೆಯಲಾರದೆ ಪಕ್ಕದ ಅಪರಿಚಿತರಿಗೆ ಹೇಳಿಬಿಟ್ಟೆ: "ರಾಣಿಗೆ ಶ್ರುತಿ ನಿಲ್ಲಲ್ಲ. ರಾಜನ ಕಂಠ ಚಿನ್ನ, ಆದ್ರೆ ಸಾಯೋಕೆ ಬಲು ಅವಸರ ಕಣ್ರೀ."

"ಒನ್ಸ್ ಮೋರ್ ಅಂದ್ರೆ ಎದ್ದು ಬತ್ತಾನೆ, ಇರಿ ಯಜಮಾನ್ರೇ," ಎಂದು ಅವರು ಕೂಗಿಯೇಬಿಟ್ಟರು. ಜನರೂ ಕೂಗಿದರು. ಸತ್ತ ರಾಜ ಧೂಳು ಕೊಡವಿಕೊಂಡು ಎದ್ದು, ಸಾಯುವ ಮುಂಚಿನ ಹಾಡನ್ನು ಮತ್ತೆ ಪೂರ್ತಿ ಹಾಡಿ, ಈ ಸಲ ನಿಧಾನವಾಗಿ ಸತ್ತ.

"ಈಗ ಸರಿಹೋಯ್ತು ನೋಡೇ," ಎಂದು ಇನ್ನೊಂದು ಮಗ್ಗುಲಿಗೆ ತಿರುಗಿದೆ. ಕುರ್ಚಿ ಖಾಲಿ.

ಒನ್ಸ್ ಮೋರ್ ಅಂತ ನಾನೂ ಶಿವನ ಮುಂದೆ ಕೂಗಿದವನೇ. ಅವನ ನಾಟಕ ಕಂಪನಿಯಲ್ಲಿ ಆ ಪದ್ಧತಿ ಇಲ್ಲ.

ಕೇಳಿದ ನಿಮ್ಮೆಲ್ಲರ ಪಕ್ಕದ ಕುರ್ಚಿ ಸದಾ ತುಂಬಿರಲಿ.