ಕುಡಿಯುತ್ತಿರುವ ಲೋಟವೂ ಕರ್ನಲ್ಲಿನ ಕಸಪೊರಕೆಯೂ

ಕಾಫಿಯ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಮರೆಯುವುದು ನನ್ನ ದೀರ್ಘಕಾಲದ ಸಾಧನೆ. ಕೊಳ್ಳೇಗಾಲದ ನಮ್ಮ ಮನೆಯಲ್ಲಿ ಆ ಲೋಟ ತಾನಾಗಿಯೇ ಅಂತರ್ಧಾನವಾಗಿ, ಮಿಂದು ಮಡಿಯಾಗಿ ಅಡುಗೆಮನೆಯ ಗೂಡು ಸೇರುವ ಸೋಜಿಗದ ಹಿಂದೆ ನನ್ನ ಹೆಂಡತಿ ಶಾರದೆಯ ಕೈಯಿದೆಯೆಂದು ಗೊತ್ತಿದ್ದರೂ, ಕುಡಿದು ಮುಗಿಸುವ ಮೊದಲೇ ಒಯ್ದಳಲ್ಲಾ ಎಂದು ಒಳಗೊಳಗೇ ಗೊಣಗುವ ಕೃತಘ್ನ ನಾನು.

ನನ್ನ ವೃತ್ತಿಯೂ ಹೆಚ್ಚುಕಡಿಮೆ ಇದೇ ಎಂದರೆ ನೀವು ನಂಬಲಿಕ್ಕಿಲ್ಲ. ಕಂಪ್ಯೂಟರಿಗೂ ಅದಕ್ಕೆ ತಗುಲಿಸಿದ ಉಪಕರಣಕ್ಕೂ ನಡುವೆ ದುಭಾಷಿಯಾಗಿ ನಿಲ್ಲುವ ಡ್ರೈವರ್ ಎಂಬ ತಂತ್ರಾಂಶವನ್ನು ಮನೆಯಲ್ಲೇ ಕೂತು ಬರೆಯುತ್ತೇನೆ. ಅದು ತನ್ನ ಕೆಲಸಕ್ಕೆ ಬೇಕಾದ ಮೆಮೊರಿ ಮುಂತಾದವನ್ನು ಕರ್ನಲ್ ಎಂಬ, ಕಂಪ್ಯೂಟರಿನ ಒಳಮನೆಯ ಯಜಮಾನನಿಂದ ಎರವಲು ಪಡೆದು, ಉಪಕರಣವನ್ನು ಕಿತ್ತಾಗ ಮರಳಿಸಬೇಕು. ಹಿಂದೆ ಒಂದೊಂದನ್ನೂ ನೆನಪಿಟ್ಟು ಮರಳಿಸುವ ಭಾರ ನನ್ನಂಥ ಮರೆಗುಳಿಗಳ ಮೇಲಿತ್ತು. ಈಗ ಪಡೆಯುವಾಗಲೇ ‘ಕೊನೆಗೆ ನೀನೇ ತೆಗೆದುಕೋ’ ಎಂದು ಹೇಳಿಟ್ಟರೆ, ಕೊನೆಗೆ ಪಡೆದದ್ದು ಮೊದಲು ಎಂಬ ಕ್ರಮದಲ್ಲಿ ಕರ್ನಲ್ಲೇ ಎಲ್ಲವನ್ನೂ ಬಾಚಿಕೊಳ್ಳುತ್ತದೆ. ನನಗೆ ಎರಡನೆಯ ಶಾರದೆ ಸಿಕ್ಕಂತಾಯಿತು.

ಈ ಸುಖದಲ್ಲಿ ಮೈಮರೆತೇ ಅಗರದ ಚಿಕ್ಕತಾಯಮ್ಮನವರ ರೇಷ್ಮೆಹುಳುಮನೆಗೆ, ನನ್ನದೇ ಡ್ರೈವರಿನಿಂದ ಶಾಖ ಅಳೆದು ಫ್ಯಾನು ನಡೆಸುವ ಪುಟ್ಟ ಕಂಪ್ಯೂಟರ್ ಪೆಟ್ಟಿಗೆಯೊಂದನ್ನು ಕೂರಿಸಿದ್ದೆ. ಹುಳುಗಳು ಇನ್ನೊಂದು ವಾರಕ್ಕೆ ಗೂಡು ಕಟ್ಟುವಂತಿದ್ದಾಗ ಅವರ ಫೋನು ಬಂತು.

“ಸಾ, ಅಳತೆ ವೈರ್ ಕಿತ್ತು, ಒರಸಿ, ಮತ್ತೆ ಆಕುದ್ರೆ ಪೆಟ್ಗೆ ಸತ್ತಂಗೆ ಕೂತದೆ ಕಣ್ರಿ. ಫ್ಯಾನ್ ತಿರುಗ್ತಿಲ್ಲ. ಇಂಗೇ ಸೆಕೆ ಇದ್ರೆ ಬೆಳೆ ಓಯ್ತದೆ.”

ಅವರು ವೈರು ಕೀಳುತ್ತಾರೆಂಬುದು ನನ್ನ ಕಲ್ಪನೆಗೆ ಬಂದೇ ಇರಲಿಲ್ಲ. ದಿನವೂ ಶುಚಿ ಮಾಡದೆ ಹುಳ ಸಾಕುವವರುಂಟೇ? ಅಪರಾಧಿಯ ಮುಖ ಹೊತ್ತು ಬೈಕಿನಲ್ಲಿ ಹೋದೆ. ಚಿಕ್ಕತಾಯಮ್ಮ ಕಿಟಕಿಗಳಿಗೆ ಒದ್ದೆ ಗೋಣಿ ಕಟ್ಟಿ, ಹುಳುಗಳ ಮೇಲೆ ಬಲೆ ಹಾಸಿ, ಬಲೆಯ ಮೇಲೆ ಹೊಸ ಸೊಪ್ಪು ಹರಡಿ ಕಾಯುತ್ತಿದ್ದರು. ಅಡಿಯ ಕಸ ತೆಗೆಯಲು ನೆರವಾಗೋಣವೆಂದು ಕೈಚಾಚಿದೆ.

“ತಡೀರಿ ಸಾ, ಉಳ ಎಲ್ಲಾ ಮೇಲಿನ್ ಸೊಪ್ಪಿಗೆ ಬರ್ಲಿ. ಅದ್ಕೂ ಮುಂಚೆ ಅಡೀದ್ ತಗುದ್ರೆ ಕಸದ್ ಜೊತೆ ಉಳಾನೂ ತಿಪ್ಪೆಗೆ ಓಯ್ತದೆ.”

ನನ್ನ ಪೆಟ್ಟಿಗೆಯಲ್ಲೂ ಆದದ್ದು ಇದೇ ಎಂದು ಹೊಳೆದು ಚಾಚಿದ ಕೈ ಹಾಗೇ ನಿಂತಿತು. ವೈರು ಕಿತ್ತೊಡನೆ ಕರ್ನಲ್ ಮೆಮೊರಿಯನ್ನು ಬಾಚಿಕೊಂಡಿತ್ತು. ಆದರೆ ಅದೇ ಮೆಮೊರಿಯನ್ನು ಕ್ಷಣಕ್ಷಣಕ್ಕೂ ಮುಟ್ಟುವ ಟೈಮರನ್ನು ನಾನು ಕೈಯಾರೆ ಶುರುಮಾಡಿ, ಮೊದಲು ಅದನ್ನು ನಿಲ್ಲಿಸೆಂದು ಕರ್ನಲ್ಲಿಗೆ ಹೇಳಿರಲೇ ಇಲ್ಲ. ಟೈಮರು ಇಲ್ಲದ ಸೊಪ್ಪಿಗೆ ಬಾಯಿಹಾಕಿ ಪೆಟ್ಟಿಗೆಯನ್ನೇ ಕೆಡವಿತ್ತು. ಬಾಚಿದವನದಲ್ಲ, ಹೇಳದವನದು ತಪ್ಪು. ಅಲ್ಲೇ ಕೂತು, ಟೈಮರನ್ನು ಮೊದಲು ನಿಲ್ಲಿಸೆಂದು ಹೇಳುವ ನಾಲ್ಕು ಸಾಲನ್ನು ಡ್ರೈವರಿಗೆ ಸೇರಿಸಿ, ಪೆಟ್ಟಿಗೆಯನ್ನು ಮತ್ತೆ ಚಾಲೂ ಮಾಡಿದೆ; ಫ್ಯಾನು ತಿರುಗಿತು. ಚಿಕ್ಕತಾಯಮ್ಮ ವೈರು ಕಿತ್ತು, ಒರೆಸಿ, ಮತ್ತೆ ಹಾಕಿದರು. ಫ್ಯಾನು ತಿರುಗುತ್ತಲೇ ಇತ್ತು. ನನಗೆ ಕಣ್ಣು ತುಂಬುವಷ್ಟು ಸಮಾಧಾನವಾಯಿತು.

ಮರುದಿನ ಬೆಳಿಗ್ಗೆ ಶಾರದೆಯ ಕೈ ಎಂದಿನಂತೆ ಕಿಟಕಿಯ ಕಟ್ಟೆಗೆ ಬಂತು.

“ಇನ್ನೂ ಕುಡೀತಿದ್ದೀನಿ” ಎಂದೆ.

“ಈ ಮಾತ್ನ ಇಷ್ಟ್ ವರ್ಷದಲ್ಲಿ ಒಂದ್ ದಿನಾನಾದ್ರೂ ಏಳ್ಬಾರ್ದಿತ್ತಾ?” ಎಂದವಳು ಲೋಟವನ್ನು ಒಯ್ದೇಬಿಟ್ಟಳು. ಈ ಸಲ ನಾನು ಗೊಣಗಲಿಲ್ಲ. ಸ್ವಲ್ಪ ಹೊತ್ತಿಗೆ ಅದೇ ಅರ್ಧ ಲೋಟ ಕಾಫಿ ಬಿಸಿಯಾಗಿ ಕಟ್ಟೆಗೆ ಮರಳಿತು.