ಅಳಿಯನ ಬಾಲು ಔಟಾಗುವುದಿಲ್ಲ

ಟೆನಿಸ್ ಬಾಲಿನ ಹೊಸ ಡಬ್ಬಿಯನ್ನು ನೀವು ಎಂದಾದರೂ ತೆರೆದಿದ್ದೀರಾ? ಮುಚ್ಚಳದ ಕೊಂಡಿಗೆ ಬೆರಳು ಹಾಕಿ ಎಳೆದರೆ ಗೋಲಿ ಸೋಡಾದ ಹಾಗೆ ‘ಟುಸ್’ ಎನ್ನುತ್ತದೆ. ಅದರ ಹಿಂದೆಯೇ ಹೊಸ ರಬ್ಬರು, ಹೊಸ ಉಣ್ಣೆ, ಎಲ್ಲೋ ದೂರದಲ್ಲಿ ಒಂದಿಷ್ಟು ಪೆಟ್ರೋಲು ಸೇರಿದ ವಾಸನೆ ಬರುತ್ತದೆ. ನನ್ನ ಹೆಂಡತಿಗೆ ಅದರಿಂದ ತಲೆನೋವು. ನನಗೋ, ಡಬ್ಬಿಯೊಳಗೆ ಮೂಗು ತೂರಿಸಿಕೊಂಡು ಕೂರುವ ಚಟ.

ಈವತ್ತು ಬೆಳಿಗ್ಗೆಯೂ ಹಾಗೇ ಕೂತಿದ್ದೆ. “ಅಳಿಯಂದ್ರು ಬಂದು ಹೊರಗಡೆ ಶೂ ಕಟ್ಕೋತಿದ್ದಾರೆ, ಇಲ್ಲಿ ಡಬ್ಬಿ ಮೂಸ್ತಾ ಕೂತಿದ್ದೀರಲ್ರೀ, ಏನಂದ್ಕೋತಾರೆ?” ಎಂದು ಹೆಂಡತಿ ಗದರಿಸಿದಳು. ನಮ್ಮ ಅಳಿಯ ಸುಗಟೂರಿನ ಕಡೆ ಪಶುವೈದ್ಯ. ಮಗಳ ಮದುವೆಯಾದ ಹೊಸದರಲ್ಲಿ, ನಾನು ಕೋಲಾರದ ನಮ್ಮ ಬಡಾವಣೆಯ ಕೋರ್ಟಿನಲ್ಲಿ ಟೆನಿಸ್ ಆಡುತ್ತೇನೆಂದು ತಿಳಿದು, “ನಂಗೂ ಕಲಿಸಿಕೊಡಿ ಮಾವ” ಎಂದಿದ್ದ. ಅಂದಿನಿಂದ ಭಾನುವಾರಗಳಂದು ಕಲಿಸುತ್ತಿದ್ದೇನೆ, ಅಥವಾ ಕಲಿಸುತ್ತಿದ್ದೇನೆಂದು ಅಂದುಕೊಂಡಿದ್ದೇನೆ. ಕಳೆದ ವಾರ ಅವನು ಹೊಡೆದ ಬಾಲು ಗೆರೆ ದಾಟಿ, ಬೇಲಿ ದಾಟಿ, ಪಕ್ಕದ ಖಾಲಿ ಸೈಟಿನಲ್ಲಿ ಕಟ್ಟಿಹಾಕಿದ್ದ ಎಮ್ಮೆಯ ಕಾಲಬಳಿ ಬಿತ್ತು. ನಾನು ಹೇಳಿದ್ದೇನು ಗೊತ್ತೆ? “ಒಳ್ಳೇ ಪವರ್ ಇದೆ ನಿಮ್ಮ ಕೈಯಲ್ಲಿ!”

ಡಬ್ಬಿಯೊಳಗೆ ಮೂಗಿಟ್ಟಾಗ ತಟ್ಟನೆ ಹೊಳೆಯಿತು. ಆ ಮಾತು ನನ್ನದಲ್ಲ, ನನ್ನ ಮಾವನವರದು. ಎಷ್ಟೋ ವರ್ಷಗಳ ಹಿಂದೆ, ಮುಳಬಾಗಿಲಿನ ಮಣ್ಣಿನ ಕೋರ್ಟಿನಲ್ಲಿ, ನನ್ನ ಬಾಲು ಬೇಲಿ ದಾಟಿದಾಗಲೆಲ್ಲ ಅವರು ನನಗೆ ಹೇಳುತ್ತಿದ್ದದ್ದು.

ಆಗ ನಾನು ಶ್ರೀನಿವಾಸಪುರದ ಕಾಲೇಜಿನಲ್ಲಿ ಲೆಕ್ಚರರು, ಹೊಸ ಮದುಮಗ. ಶನಿವಾರ ಮಧ್ಯಾಹ್ನ ಹೆಂಡತಿಯ ಜೊತೆ ಬಸ್ಸು ಹತ್ತಿ ಮುಳಬಾಗಿಲಿಗೆ ಹೋದರೆ ವಾಪಸು ಬರುವುದು ಸೋಮವಾರ ಬೆಳಿಗ್ಗೆ. ಮಾವನವರು ಲೆಕ್ಕಪತ್ರ ಇಲಾಖೆಯಲ್ಲಿದ್ದು ನಿವೃತ್ತರಾದವರು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಕೋಪ ಬಂದರೆ ಮತ್ತೆ ತೆಲುಗು. ಆದರೆ ಆ ಕೋಪವನ್ನು ನಾನು ಕಂಡಿರಲಿಲ್ಲ. ನಾನು ಅವರ ‘ಅಲ್ಲುಡುಗಾರು’, ಅಂದರೆ ಅಳಿಯಂದಿರು. ನಾನು ಕೂತರೆ ಅವರು ಏಳುತ್ತಿದ್ದರು, ಅವರು ಎದ್ದರೆಂದು ನಾನು ಏಳುತ್ತಿದ್ದೆ, ಇಬ್ಬರೂ ನಿಂತೇ ಕಾಫಿ ಕುಡಿದದ್ದುಂಟು.

ಅವರಿಗೆ ಟೆನಿಸ್ ಹುಚ್ಚು. ಮುಳಬಾಗಿಲಿನಂಥ ಊರಿನಲ್ಲಿ ಟೆನಿಸ್ಸೇ ಎಂದು ನೀವು ಹುಬ್ಬೇರಿಸಬಹುದು. ಯಾವ ಕಾಲದ್ದೋ ಒಂದು ಆಫೀಸರುಗಳ ಕ್ಲಬ್ಬಿತ್ತು. ಆಫೀಸರುಗಳು ಇಸ್ಪೀಟಿಗೆ ಹೋದ ಮೇಲೆ ಹಿಂದಿನ ಕೋರ್ಟನ್ನು ನೋಡಿಕೊಳ್ಳುತ್ತಿದ್ದವರು ಇಬ್ಬರೇ, ನಮ್ಮ ಮಾವ ಮತ್ತು ನಂಗಲಿ ರಸ್ತೆಯಲ್ಲಿ ಲಾರಿ ಟೈರಿನ ಅಂಗಡಿ ಇಟ್ಟಿದ್ದ ಬಾಬು ಸಾಹೇಬರು. ನೀರು ಚಿಮುಕಿಸಿ, ರೋಲರ್ ಎಳೆದು, ಸುಣ್ಣದಲ್ಲಿ ಗೆರೆ ಹಾಕುತ್ತಿದ್ದರು. ಆ ಕಲ್ಲಿನ ರೋಲರ್ ಶಿಲ್ಪಿಗಳ ಊರಾದ ಶಿವಾರಪಟ್ಟಣದ್ದು. ವಿಗ್ರಹಕ್ಕೆಂದು ಆರಿಸಿದ್ದ ಕಲ್ಲಿನಲ್ಲಿ ಐಬು ಕಂಡಿದ್ದರಿಂದ ಉರುಳೆಯಾಯಿತಂತೆ. ದೇವರಾಗಬೇಕಿದ್ದ ಕಲ್ಲು ಎಂದು ಮಾವನವರು ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೇ ಎಳೆಯುತ್ತಿದ್ದರು. ಅವರು ಒತ್ತಿಕೊಂಡು ಮುಗಿಸುವ ತನಕ ಬಾಬು ಸಾಹೇಬರು ತಾಳ್ಮೆಯಿಂದ ಕಾಯುತ್ತಿದ್ದರು.

ಆ ಕೋರ್ಟಿಗೆ ನನ್ನನ್ನೂ ಕರೆದರು. ಅಲ್ಲಿಂದ ಶುರುವಾಯಿತು ನೋಡಿ ನನ್ನ ಫಜೀತಿ.

ಟೆನಿಸ್ಸಿನ ಮೊದಲ ಪಾಠಗಳು ಯಾವುವೂ ಗಹನವಲ್ಲ. ರಾಕೆಟ್ಟಿಗೆ ಹಸ್ತಲಾಘವ ಕೊಟ್ಟಂತೆ ಹಿಡಿಯಬೇಕು, ಬಿಗಿಯಾಗಿ ಅಲ್ಲ, ಜಾರುವ ಹಾಗೂ ಅಲ್ಲ. ಬಾಲು ಎದುರಿನವರ ರಾಕೆಟ್ ಬಿಟ್ಟ ಕೂಡಲೇ ಭುಜ ತಿರುಗಿಸಿ ರಾಕೆಟ್ಟನ್ನು ಹಿಂದಕ್ಕೆ ಒಯ್ಯಬೇಕು. ಕಾಲು ಮೊದಲು, ಕೈ ಆಮೇಲೆ. ತಗ್ಗಿನಿಂದ ಮೇಲಕ್ಕೆ ಬೀಸಬೇಕು. ಹೊಡೆದು, ನಿಂತು, ಎಷ್ಟು ಚೆನ್ನಾಗಿ ಹೊಡೆದೆ ಎಂದು ನೋಡುತ್ತಿರದೆ ಮತ್ತೆ ಮಧ್ಯಕ್ಕೆ ಬರಬೇಕು. ಇಷ್ಟೇ. ಆದರೆ ಇದನ್ನೆಲ್ಲ ಬೈಯದೆ ಕಲಿಸಲು ಸಾಧ್ಯವೇ? ಮಾವನವರು ಆ ಸಾಹಸಕ್ಕೆ ಕೈಹಾಕಿದ್ದರು.

“ಬಾಲ್ ಬರೋ ಮುಂಚೇನೇ ತಾವು ಅಲ್ಲಿಗೆ ದಯಮಾಡಿಸಿದ್ರೆ ಅನುಕೂಲ,” ಎನ್ನುವರು. ನಾನು ದಯಮಾಡಿಸುವ ಹೊತ್ತಿಗೆ ಬಾಲು ಬೇಲಿ ಸೇರಿರುತ್ತಿತ್ತು. ನಾನು ರಾಕೆಟ್ಟನ್ನು ಮಚ್ಚಿನಂತೆ ಹಿಡಿದು ಕೊಚ್ಚುತ್ತಿದ್ದರೆ, “ತಮ್ಮ ಹಿಡಿತ ಗಟ್ಟಿಯಾಗಿದೆ, ಸ್ವಲ್ಪ ಬೇರೆ ಥರಾನೂ ಹಿಡೀಬಹುದು ಅಂತಾರೆ ಕೆಲವರು,” ಎನ್ನುವರು. ಟೆನಿಸ್ಸಿನಲ್ಲಿ ಸೊನ್ನೆಗೆ ‘ಲವ್’ ಎನ್ನುತ್ತಾರಲ್ಲ, ಅಳಿಯನ ಮುಂದೆ ಆ ಪದವನ್ನು ಬಾಯಿಬಿಟ್ಟು ಕೂಗಲು ನಾಚಿಕೆಯಾಗಿ “ಹದಿನೈದು–ಸೊನ್ನೆ” ಎಂದು ಲೆಕ್ಕ ಹೇಳುವರು. ಹಾಗೆಯೇ ಅವರ ಉಡುಪು. ಉಳಿದ ದಿನಗಳಲ್ಲಿ ಅವರು ಬಿಳಿ ಚಡ್ಡಿಯಲ್ಲಿ ಆಡುತ್ತಿದ್ದರಂತೆ. ನಾನಿದ್ದ ಭಾನುವಾರಗಳಲ್ಲಿ ಮಾತ್ರ ಏಪ್ರಿಲ್ಲಿನ ಬಿಸಿಲಲ್ಲೂ ಉದ್ದ ಪ್ಯಾಂಟು. ಅಳಿಯನ ಮುಂದೆ ಮೊಣಕಾಲು ತೋರಿಸುವುದುಂಟೇ!

ಎಲ್ಲಕ್ಕಿಂತ ಹೆಚ್ಚಿನ ಮರ್ಯಾದೆ ನನ್ನ ಬಾಲಿಗೆ ಸಿಗುತ್ತಿತ್ತು. ನಮ್ಮಂಥ ಕೋರ್ಟುಗಳಲ್ಲಿ ಅಂಪೈರ್ ಇರುವುದಿಲ್ಲ. ನಿಮ್ಮ ಕಡೆ ಬಿದ್ದ ಬಾಲು ಒಳಗೋ ಹೊರಗೋ ಎಂದು ನೀವೇ ಕೂಗಬೇಕು. ಮಾವನವರ ಕಡೆ ಬಿದ್ದ ನನ್ನ ಬಾಲು ಒಂದಾದರೂ ಹೊರಗೆ ಬಿದ್ದದ್ದಿಲ್ಲ. ಗೇಣು ಹೊರಗೆ ಬಿದ್ದರೂ “ಗೆರೆ ಮೇಲೆ!” ಮಾರು ಹೊರಗೆ ಬಿದ್ದರೆ “ಗಾಳಿ ಇತ್ತು, ಇನ್ನೊಂದ್ಸಲ ಆಡಿ.” ಒಮ್ಮೆ ಪರೀಕ್ಷೆ ಮಾಡೋಣವೆಂದು ಬೇಕೆಂದೇ ಬೇಲಿಯತ್ತ ಹೊಡೆದೆ. “ಒಳ್ಳೇ ಪವರ್ ಇದೆ ತಮ್ಮ ಕೈಯಲ್ಲಿ!” ಎಂದರು. ಬೆಂಚಿನ ಮೇಲೆ ಕೂತಿದ್ದ ಬಾಬು ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. “ದಾಮಾದ್ ಕಾ ಬಾಲ್ ಔಟ್ ಜಾತಾಚ್ ನೈಂ! ಅಳಿಯನ ಬಾಲು ಔಟೇ ಆಗಲ್ಲ ಸ್ವಾಮಿ, ನಮ್ಮ ಮೋರಿಗೆ ಬಿದ್ರೂ ಒಳಗೇನೇ!”

ನೀವೂ ನಗುತ್ತಿದ್ದೀರಿ. ಆಗ ನಾನೂ ನಗುತ್ತಿದ್ದೆ, ಆದರೆ ಒಳಗೆ ಏನೋ ಚುಚ್ಚುತ್ತಿತ್ತು. ಏಕೆಂದು ಹೇಳುತ್ತೇನೆ. ನನ್ನ ಅಪ್ಪ ತೀರಿಕೊಂಡಾಗ ನಾನಿನ್ನೂ ತೊಟ್ಟಿಲಲ್ಲಿದ್ದೆ. ಮಾಲೂರಿನಲ್ಲಿ ನಾನು ಬೆಳೆದದ್ದೇ “ಪಾಪ, ತಂದೆ ಇಲ್ಲದ ಮಗು, ಬೈಬೇಡಿ” ಎಂಬ ಮಾತಿನ ನೆರಳಲ್ಲಿ. ಸೋದರಮಾವಂದಿರು ಗದರುತ್ತಿರಲಿಲ್ಲ. ಮೇಷ್ಟ್ರು ಬೆತ್ತ ಎತ್ತಿ ನನ್ನ ಸರದಿ ಬಂದಾಗ ಇಳಿಸುತ್ತಿದ್ದರು. ಪಕ್ಕದ ಮನೆಯ ಹುಡುಗನನ್ನು ಅವನಪ್ಪ “ಲೇ ಕತ್ತೆ, ಬಾರೋ ಇಲ್ಲಿ!” ಎಂದು ಕೂಗಿದರೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಹಾಗೆ ಹಕ್ಕಿನಿಂದ ಕೂಗುವ ಒಬ್ಬ ಗಂಡಸು ನನಗೂ ಬೇಕಿತ್ತು. ಮದುವೆಯಾದಾಗ, ನಾಚಿಕೆ ಬಿಟ್ಟು ಹೇಳುತ್ತೇನೆ, ಹೆಂಡತಿಯ ಜೊತೆಗೆ ಒಬ್ಬ ಅಪ್ಪನೂ ಸಿಕ್ಕನೆಂದು ಆಸೆಪಟ್ಟಿದ್ದೆ. ಸಿಕ್ಕವರು ನನ್ನನ್ನು ಕಂಡರೆ ಎದ್ದು ನಿಲ್ಲುತ್ತಿದ್ದರು.

ಇದನ್ನು ಹೆಂಡತಿಗೆ ಹೇಳಿದರೆ ಅವಳು ಸಿಡುಕಿದಳು. “ಬೈಸ್ಕೋಬೇಕಾ? ನನ್ನ ಕೇಳಿ! ಲಂಗ ಎತ್ತಿ ಕಟ್ಟಿಸಿ ಕಲಿಸಿದ್ರು ಅಪ್ಪ. ಒಂದ್ಸಲ ಲೇಟಾಗಿ ಹೊಡೆದಿದ್ದಕ್ಕೆ ರಾಕೆಟ್ ಕಿತ್ಕೊಂಡು ಮನೆಗೆ ಅಟ್ಟಿದ್ರು. ಅದಕ್ಕೇ ನಂಗೆ ಬ್ಯಾಕ್‌ಹ್ಯಾಂಡ್ ಬರುತ್ತೆ, ನಿಮಗೆ ಬರಲ್ಲ.” ನಿಜ. ಅವಳ ಬ್ಯಾಕ್‌ಹ್ಯಾಂಡ್ ಈಗಲೂ ನೋಡುವ ಹಾಗಿದೆ. ನಾನು ಆ ಬ್ಯಾಕ್‌ಹ್ಯಾಂಡನ್ನು ಕಂಡು ಕರುಬಿದ್ದು ಆಟಕ್ಕಾಗಿ ಅಲ್ಲ, ಅದರ ಹಿಂದಿನ ಬೈಗುಳಕ್ಕಾಗಿ.

ಹೀಗಿರುವಾಗ ಕೋಲಾರದಲ್ಲಿ ಅಲ್ಲಿಯವರಿಗೂ ಮುಳಬಾಗಿಲಿನವರಿಗೂ ಒಂದು ಸ್ನೇಹದ ಪಂದ್ಯ ಏರ್ಪಾಟಾಯಿತು. ಬಾಬು ಸಾಹೇಬರ ಮೊಣಕಾಲು ಊದಿಕೊಂಡು ಅವರ ಜಾಗಕ್ಕೆ ನನ್ನನ್ನು ಹಾಕಿದರು. ಎದುರಿಗೆ ಕೋಲಾರದ ಒಬ್ಬ ವಕೀಲರು ಮತ್ತು ಅವರ ತಮ್ಮ. ಆ ವಕೀಲರಿಗೆ ಮಾವನವರು ವರ್ಷಗಳಿಂದ ಸೋಲುತ್ತಲೇ ಬಂದಿದ್ದರು. ಅದೇನು ಅದೃಷ್ಟವೋ, ಅಂದು ಮಾವನವರ ಕೈ ಕುದುರಿತ್ತು. ನಾನು ನೆಟ್ಟಿನ ಬಳಿ ಕಂಬದಂತೆ ನಿಂತಿದ್ದರಿಂದ ಕೆಡಿಸುವುದಕ್ಕೂ ಅವಕಾಶವಿರಲಿಲ್ಲ. ಕೊನೆಗೆ ಒಂದೇ ಒಂದು ಪಾಯಿಂಟು ಗೆದ್ದರೆ ಪಂದ್ಯ ನಮ್ಮದು.

ವಕೀಲರು ನನ್ನ ತಲೆಯ ಮೇಲಿಂದ ಎತ್ತಿ ಹೊಡೆದರು. ನಾನು ತಿರುಗಿ ಓಡಿದೆ. ಬಾಲು ಹಿಂದಿನ ಗೆರೆಯ ಹತ್ತಿರ ಬಿತ್ತು. ಓಡುತ್ತಿದ್ದವನಿಗೆ ಹೊರಗೆ ಬಿದ್ದಂತೆಯೇ ಕಂಡಿತು, ದೇವರಾಣೆ. “ಔಟ್!” ಎಂದು ಕೂಗಿಬಿಟ್ಟೆ. ಸುತ್ತ ಕೂತವರು ಚಪ್ಪಾಳೆ ತಟ್ಟಿದರು. ವಕೀಲರು ದೊಡ್ಡ ಮನುಷ್ಯ, ಮರುಮಾತಾಡದೆ ಕೈ ಚಾಚಿಕೊಂಡು ನೆಟ್ಟಿನತ್ತ ಬಂದರು.

“ಒರೇಯ್!”

ಇಡೀ ಕೋರ್ಟು ಬೆಚ್ಚಿತು. ನಾನು ಹಿಂದೆ ನೋಡಿದೆ, ಯಾರನ್ನು ಕರೆಯುತ್ತಿದ್ದಾರೆಂದು.

“ನಿನ್ನೇ ಕಣೋ! ಕಣ್ಣು ಎಲ್ಲಿಟ್ಟಿದ್ದೀಯೋ? ಸುಣ್ಣ ಹಾರಿದ್ದು ಕಾಣ್ಲಿಲ್ವಾ? ಬಾಲ್ ಒಳಗೆ! ನೋಡ್ದೇ ಕೂಗ್ತೀಯಲ್ಲ, ಬುದ್ಧಿ ಬೇಡ್ವಾ ನಿಂಗೆ?”

ಮಾವನವರ ಮುಖ ಕೆಂಡವಾಗಿತ್ತು. ಗೆರೆಯ ಮೇಲೆ ನಿಜವಾಗಿಯೂ ಸುಣ್ಣ ಎದ್ದು ಬಾಲಿನ ಗುರುತು ಮೂಡಿತ್ತು. ಪಾಯಿಂಟು ವಕೀಲರಿಗೆ ಹೋಯಿತು, ಅದರ ಹಿಂದೆ ಗೇಮು, ಅದರ ಹಿಂದೆ ಪಂದ್ಯ. ನಾವು ಸೋತೆವು. ಸೋತವನ ಮುಖ ನನಗೆ ಇರಬೇಕಿತ್ತು. ಆದರೆ ಕಿವಿಯಲ್ಲಿ ಆ ‘ಒರೇಯ್’ ಗುಂಯ್‌ಗುಡುತ್ತಿತ್ತು. ನನಗೆ ಆಗಿದ್ದು ಸಂತೋಷ. ಅದನ್ನು ಯಾರಿಗೆ ಹೇಳುವುದು!

ಮುಳಬಾಗಿಲಿಗೆ ವಾಪಸು ಬರುವಾಗ ಬಸ್ಸಿನಲ್ಲಿ ಮಾವನವರು ಕಿಟಕಿಯ ಕಡೆಯೇ ನೋಡುತ್ತ ಕೂತರು. ಮನೆ ಸೇರಿದ ಮೇಲೆ ಸಂಜೆ, ನಾನು ಕೂತಿದ್ದ ಕೋಣೆಗೆ ತಾವೇ ಕಾಫಿ ಲೋಟ ಹಿಡಿದು ಬಂದರು. “ತಪ್ಪು ತಿಳ್ಕೋಬಾರದು ತಾವು. ಆವೇಶದಲ್ಲಿ ಬಾಯಿ ಜಾರಿತು. ನಾಲ್ಕು ಜನದ ಮುಂದೆ ಅಳಿಯಂದ್ರಿಗೆ ಏಕವಚನ... ನನ್ನ ಬುದ್ಧಿಗೆ ಏನಾಯ್ತೋ. ತಮ್ಮ ಬಾಲ್ ಒಳಗೆ ಅಂದ್ರೆ ಸೋಲೋನು ನಾನು, ಕೊಡ್ತೀನಿ. ವಕೀಲರ ಪಾಯಿಂಟು ನಮ್ಮದಲ್ವಲ್ಲ, ಅದಕ್ಕೇ ತಡ್ಕೊಳ್ಳಕ್ಕಾಗ್ಲಿಲ್ಲ.”

ಮತ್ತೆ ‘ತಾವು’! ಸಿಕ್ಕಿದ್ದು ಕೈಬಿಟ್ಟು ಹೋಗುತ್ತಿದೆ ಎನಿಸಿತು ನನಗೆ. ಅಳುಕು, ಸಂಕೋಚ ಎಲ್ಲ ಬಿಟ್ಟು ಹೇಳಿಬಿಟ್ಟೆ: “ಮಾವ, ಹಾಗೆ ಕರೆಯೋರು ನಂಗೆ ಯಾರೂ ಇರ್ಲಿಲ್ಲ. ವಾಪಸು ತಗೋಬೇಡಿ.”

ಅವರು ನನ್ನನ್ನೇ ನೋಡುತ್ತ ನಿಂತರು. ಕಾಫಿ ಆರುತ್ತಿತ್ತು. ಆಮೇಲೆ ಲೋಟವನ್ನು ನನ್ನ ಕೈಗಿಟ್ಟು, ನನ್ನ ಪಕ್ಕದಲ್ಲೇ ಮಂಚದ ಮೇಲೆ ಕೂತರು. ನಾನು ಏಳಲಿಲ್ಲ. ಅವರೂ ಏಳಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ನಾನು ಎದ್ದು ಬರುವಷ್ಟರಲ್ಲಿ ಮಾವನವರು ಅಂಗಳದಲ್ಲಿ ರಾಕೆಟ್ ಹಿಡಿದು ನಿಂತಿದ್ದರು. ಬಿಳಿ ಚಡ್ಡಿ ತೊಟ್ಟಿದ್ದರು! ಸಣ್ಣ ಕಾಲುಗಳು, ಮೊಣಕಾಲಿನ ಮೇಲೊಂದು ಹಳೆಯ ಗಾಯದ ಕಲೆ. “ಏಳೋ ಹೊತ್ತಾ ಇದು? ಬಸ್ಸಿಗೆ ಇನ್ನೂ ಟೈಮಿದೆ, ನಡಿ. ನಿನ್ನ ಬ್ಯಾಕ್‌ಹ್ಯಾಂಡ್ ನೋಡಕ್ಕಾಗಲ್ಲ,” ಎಂದರು. ಒಳಗಿನಿಂದ ಹೆಂಡತಿ ಕಿಸಕ್ಕನೆ ನಕ್ಕದ್ದು ಕೇಳಿಸಿತು. ಅಂದು ಬಿದ್ದ ಬೈಗುಳವನ್ನೆಲ್ಲ ಇಲ್ಲಿ ಬರೆಯಲಾರೆ. ಬಾಬು ಸಾಹೇಬರು ಊದಿದ ಮೊಣಕಾಲಿನಲ್ಲೇ ಕುಂಟುತ್ತ ಬಂದು, “ಅರೆ, ದಾಮಾದ್ ಔಟ್ ಆಗ್ಬಿಟ್ರು!” ಎಂದರು.

ಮಾವನವರು ಈಗಿಲ್ಲ. ಕೊನೆಯ ತನಕ ನನ್ನನ್ನು ಏಕವಚನದಲ್ಲೇ ಕರೆದರು. ಆ ಮಣ್ಣಿನ ಕೋರ್ಟೂ ಇಲ್ಲ. ಈಗಿನದು ನೀಲಿ ಬಣ್ಣ ಬಳಿದ ಗಟ್ಟಿ ನೆಲ, ಬಾಲು ಗೆರೆಯ ಮೇಲೆ ಬಿದ್ದರೂ ಅಲ್ಲಿಂದ ಏನೂ ಹಾರುವುದಿಲ್ಲ. ನೋಡಿಯೇ ಹೇಳಬೇಕು.

ಡಬ್ಬಿ ಪಕ್ಕಕ್ಕಿಟ್ಟು ಎದ್ದೆ. ಉದ್ದ ಪ್ಯಾಂಟು ಬಿಚ್ಚಿ ಚಡ್ಡಿ ಹಾಕಿಕೊಂಡು ಹೊರಗೆ ಬಂದೆ. “ಇದೇನ್ರೀ ಇದು, ಅಳಿಯಂದ್ರ ಮುಂದೆ?” ಎಂದು ಶುರುಮಾಡಿದ ಹೆಂಡತಿಗೆ ನನ್ನ ಮುಖ ನೋಡಿದ್ದೇ ಅರ್ಥವಾಯಿತು. ಒಳಗೆ ಹೋಗಿ ತನ್ನ ರಾಕೆಟ್ಟನ್ನೂ ತಂದಳು.

ಕೋರ್ಟಿನಲ್ಲಿ ಅಳಿಯನ ಎರಡನೆಯದೋ ಮೂರನೆಯದೋ ಬಾಲು ಗೇಣು ಹೊರಗೆ ಬಿತ್ತು. ಬಾಯಿತನಕ “ಗೆರೆ ಮೇಲೆ” ಬಂದಿತ್ತು. ನುಂಗಿದೆ.

“ಔಟ್ ಕಣೋ!” ಎಂದೆ. “ಬಾಲ್ ಬಂದ್ಮೇಲೆ ರಾಕೆಟ್ ಎತ್ತಿದ್ರೆ ಇನ್ನೇನಾಗುತ್ತೆ? ಮೊದಲು ತಿರುಗೋ!”

ಅವನು ಹಾಗೇ ನಿಂತುಬಿಟ್ಟ. ಎಮ್ಮೆಯೂ ತಲೆ ಎತ್ತಿ ನೋಡಿತು. ಕೆಟ್ಟೆನೇನೋ ಎಂದುಕೊಂಡೆ. ಅವನು ನಿಧಾನವಾಗಿ ನೆಟ್ಟಿನ ಬಳಿ ಬಂದ, ಬೆವರು ಒರೆಸಿಕೊಂಡ.

“ಇಷ್ಟು ದಿನ ಯಾಕೆ ಹೇಳ್ಲಿಲ್ಲ ಮಾವ?” ಎಂದ.