ಗಾಳಿಚೀಲ ಒತ್ತಿದ ಕೈ

ಬಳ್ಳಾರಿಯಲ್ಲಿ ಚಳಿಗೆ ಯಾರೂ ಸಾಯುವುದಿಲ್ಲ ಎಂದು ನಮ್ಮ ದೊಡ್ಡ ಡಾಕ್ಟರು ನಂಬಿದ್ದರು. ಎಂಬತ್ತರ ದಶಕದ ಆರಂಭ. ನಾನು ಅವರ ಕೈಕೆಳಗೆ ಅರಿವಳಿಕೆ ವೈದ್ಯೆ. ಡಿಸೆಂಬರಿನ ಒಂದು ಬೆಳಿಗ್ಗೆ ಕರೂರು ಹಳ್ಳಿಯಿಂದ ಕೂಲಿ ಹೆಂಗಸೊಬ್ಬಳನ್ನು ಜೀಪಿನಲ್ಲಿ ತಂದರು. ಹಿಂದಿನ ಸಂಜೆ ಕಾಲುವೆಗೆ ಜಾರಿ ಬಿದ್ದವಳು ಜೊಂಡು ಹಿಡಿದುಕೊಂಡು ಬೆಳಗಿನವರೆಗೆ ನೀರಿನಲ್ಲೇ ಇದ್ದಳಂತೆ. ಮೂವತ್ತೇಳು ಡಿಗ್ರಿ ಸೆಲ್ಸಿಯಸ್ ಇರಬೇಕಾದ ಮೈ ಇಪ್ಪತ್ತೆಂಟಕ್ಕೆ ಇಳಿದಿತ್ತು. ಉಸಿರು ಇತ್ತೆಂದರೆ ಇತ್ತು, ಅಷ್ಟೆ.

ಗಂಟಲಿಗೆ ನಳಿಗೆ ಹಾಕಿದೆ. ಉಸಿರಾಟದ ಯಂತ್ರ ನಮ್ಮಲ್ಲೆಲ್ಲಿತ್ತು? ನಳಿಗೆಗೆ ಸಿಕ್ಕಿಸಿದ ರಬ್ಬರಿನ ಗಾಳಿಚೀಲ ಒತ್ತುವುದು ಮನೆಯವರ ಪಾಲಿಗೇ ಬರುತ್ತಿತ್ತು. ಅವಳ ಗಂಡನಿಗೆ ತೋರಿಸಿಕೊಟ್ಟೆ. ಒದ್ದೆ ಪಂಚೆಯಲ್ಲೇ ನಿಂತು, ತಾಳ ತಪ್ಪದೆ ಒತ್ತತೊಡಗಿದ. ಕಂಬಳಿ, ಬೆಚ್ಚಗಿನ ಸಲೈನು ಎಲ್ಲ ಸೇರಿ ಮೈ ಮೆಲ್ಲಗೆ ಕಾಯುತ್ತಿತ್ತು.

ರಕ್ತದ ಕಾರ್ಬನ್ ಡೈಆಕ್ಸೈಡ್ ಅಳೆಯುವ ಯಂತ್ರ ಆಗಷ್ಟೇ ಬಂದಿತ್ತು. ಎಷ್ಟೇ ತಣ್ಣಗಿನ ರಕ್ತ ಕೊಟ್ಟರೂ ಅದು ಮೂವತ್ತೇಳು ಡಿಗ್ರಿಗೆ ಕಾಯಿಸಿಯೇ ಅಳೆಯುತ್ತದೆ. ಹಾಗೆ ಅಳೆದಾಗ ಅವಳ ಅಂಕಿ ಎಲ್ಲರಲ್ಲೂ ಇರಬೇಕಾದಷ್ಟೇ ಇತ್ತು. ದೊಡ್ಡವರು ಬಂದು ಅದನ್ನು ಇಪ್ಪತ್ತೆಂಟು ಡಿಗ್ರಿಯ ಲೆಕ್ಕಕ್ಕೆ ತಿದ್ದಿದರು. ತಿದ್ದಿದರೆ ಅಂಕಿ ಇಳಿಯಲೇಬೇಕು. ನಮ್ಮೂರ ಬ್ರೂಸ್‌ಪೇಟೆಯಲ್ಲಿ ಗೋಲಿಸೋಡಾ ಕುಡಿಯುವವರಿಗೂ ಗೊತ್ತು, ತಣ್ಣಗಿದ್ದಷ್ಟೂ ಗ್ಯಾಸು ಒಳಗೇ ಕರಗಿರುತ್ತದೆ, ಹೊರಕ್ಕೆ ತಳ್ಳುವ ಒತ್ತಡ ಕಡಿಮೆ; ಅಂಕಿ ಹೇಳುವುದು ಆ ಒತ್ತಡವನ್ನು. ತಣ್ಣನೆಯ ಮೈಗೆ ಅದು ಸಹಜ. ಆದರೆ ಅವರು ಆ ಅಂಕಿಯನ್ನು ಬೆಚ್ಚಗಿನ ಮೈಯವರ ಅಂಕಿಗೆ ಹೋಲಿಸಿ, ಗ್ಯಾಸೆಲ್ಲ ಉಸಿರಿನಲ್ಲಿ ಹೊರಹೋಗುತ್ತಿದೆ, ಒತ್ತುವ ಗಾಳಿ ಹೆಚ್ಚಾಯಿತು ಎಂದು ತೀರ್ಮಾನಿಸಿಬಿಟ್ಟರು.

"ಲೇ, ಹಿಂಗ್ಯಾಕ ಒತ್ತಾಕತ್ತೀ? ಅರ್ಧಕ್ಕ ಇಳಸು," ಎಂದು ಗಂಡನನ್ನು ಗದರಿದರು.

"ಬ್ಯಾಡ್ರಿ ಸರ್. ಕಾರ್ಬನ್ ಡೈಆಕ್ಸೈಡ್ ತುಂಬ್ತೈತಿ. ತಣ್ಣಗಾಗಿರೋ ಹೃದಯ ತಡಿಯಂಗಿಲ್ಲ," ಎಂದೆ.

"ಬಳ್ಳಾರಿಯಾಗ ನನಗ ಚಳಿ ಪಾಠ ಹೇಳ್ತೀ ಏನವ್ವಾ? ನಡಿ, ಥಿಯೇಟರಿನಾಗ ಕೇಸ್ ಕಾಯಾಕತ್ತೈತಿ."

ಅವರ ಹಿಂದೆ ಬಂದಿದ್ದ ಕಿರಿಯ ಡಾಕ್ಟರುಗಳೆಲ್ಲ ನಕ್ಕರು. ಗಂಡ ನನ್ನ ಮುಖ ನೋಡಿದ, ಅವರ ಮುಖ ನೋಡಿದ, ಕೈ ನಿಧಾನ ಮಾಡಿದ. ಆಪರೇಷನ್ ಥಿಯೇಟರಿನಲ್ಲಿ ಹೊಟ್ಟೆ ತೆರೆಯಬೇಕಾದ ರೋಗಿ ಮಲಗಿದ್ದ. ಹಲ್ಲು ಕಚ್ಚಿಕೊಂಡು ಹೋದೆ.

ನಾನು ವಾಪಸು ಬರುವಷ್ಟರಲ್ಲಿ ಹೃದಯ ಅಡ್ಡಾದಿಡ್ಡಿ ಬಡಿದು ನಿಂತಿತ್ತು. ಎದೆ ಒತ್ತಿದೆವು, ಬೆಚ್ಚಗೆ ಮಾಡುತ್ತಲೇ ಬಹಳ ಹೊತ್ತು ಒತ್ತಿದೆವು. ಅವಳು ಉಳಿಯಲಿಲ್ಲ. ಗಾಳಿ ಕಡಿಮೆಯಾದದ್ದರಿಂದಲೇ ಸತ್ತಳು ಎಂದು ಇವತ್ತಿಗೂ ನಾನು ಆಣೆ ಮಾಡಿ ಹೇಳಲಾರೆ. ಅಷ್ಟು ತಣ್ಣಗಾದ ಹೃದಯ ಹಾಗೆಯೂ ನಿಲ್ಲಬಹುದು. ನನ್ನ ಮೈ ಉರಿದುಹೋದದ್ದು ಆಮೇಲೆ. ದೊಡ್ಡವರು ಆ ಗಂಡನ ಕಡೆ ತಿರುಗಿ, "ನೀ ಸರಿಯಾಗಿ ಒತ್ತಲಿಲ್ಲ ನೋಡು," ಎಂದು ಹೊರಟೇಬಿಟ್ಟರು. ಇನ್ನೂ ಆ ಮಾತಿಗೆ ನನ್ನಲ್ಲಿ ಕ್ಷಮೆಯಿಲ್ಲ.

ಅವನು ಚೀಲ ಕೆಳಗಿಟ್ಟಿರಲಿಲ್ಲ. "ನನ್ನ ಕೈಯಾಗ ಹೋದ್ಳೇನ್ರಿ ಅಮ್ಮಾ?" ಎಂದ.

ವರಾಂಡಕ್ಕೆಲ್ಲ ಕೇಳಲಿ ಎಂದೇ ಕೂಗಿದೆ: "ನಿನ್ನ ತಪ್ಪಲ್ಲಪ್ಪಾ! ನೀ ಅವರು ಹೇಳಿದಂಗ ಒತ್ತಿದಿ. ಹೇಳಿದವರದ ತಪ್ಪು!"

ದೊಡ್ಡವರು ತಿರುಗಿಯೂ ನೋಡಲಿಲ್ಲ. ಅವನು ತನ್ನ ಎರಡೂ ಕೈ ನೋಡಿಕೊಂಡ.

"ಅಷ್ಟು ದೊಡ್ಡ ಡಾಕ್ಟರು ಸುಳ್ಳು ಹೇಳ್ತಾರೇನ್ರಿ?"